ನೀರ್ ಹ್ಯಾಂಗಿತ್ತ್?

ಬೇಸಿಗೆ ರಜೆಯಲ್ಲಿ ಅಮ್ಮಮ್ಮನ ಮನೆಯಲ್ಲಿ ನಮಗೆ ಬೆಳಗಾಗುತ್ತಿದ್ದದ್ದು ಬಾವಿಯ ರಾಟೆಯ ಸದ್ದಿಗೆ. ಮೊದಲ ಕೊಡಪಾನ ಮೇಲೆ ಬಂದ ಕೂಡಲೇ ಅಮ್ಮಮ್ಮ ಅದನ್ನು ಹಂಡೆಗೆ ಸುರಿಯುತ್ತಿರಲಿಲ್ಲ. ಕಟ್ಟೆಯ ಮೇಲಿಟ್ಟು, ಅಂಗೈಯಲ್ಲಿ ಒಂದು ಗುಟುಕು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನುಂಗುತ್ತಿರಲಿಲ್ಲ. ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಅಷ್ಟು ಹೊತ್ತು ನಿಲ್ಲಿಸಿಕೊಂಡು, ಆಮೇಲೆ ಬಾಳೆಯ ಬುಡಕ್ಕೆ ಉಗಿದು, ಬೇಲಿಯ ಕಡೆ ನೋಡುತ್ತಿದ್ದಳು. ಆಚೆ ಮನೆಯ ಹೆಂಗಸು ಅದೇ ಹೊತ್ತಿಗೆ ಅಲ್ಲಿ ಬಂದು ನಿಂತಿರುತ್ತಿದ್ದಳು.

"ನೀರ್ ಹ್ಯಾಂಗಿತ್ತ್?"

"ಅಡ್ಡಿಲ್ಲ. ನಿಮ್ದ್?"

"ಒಂಚೂರ್ ಉಪ್ಪ್ ಹತ್ತಿತ್."

ಇಷ್ಟೇ ಮಾತು. ಇಬ್ಬರೂ ಒಳಗೆ ಹೋಗುತ್ತಿದ್ದರು. ಏಪ್ರಿಲ್ ಕಳೆದು ಮೇ ಬಂತೆಂದರೆ 'ಅಡ್ಡಿಲ್ಲ' ಎಂಬ ಉತ್ತರ ಅಪರೂಪವಾಗುತ್ತಿತ್ತು.

ಇದೇ ಪ್ರಶ್ನೆಯನ್ನು ಅಜ್ಜ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ, ಆದರೆ ಹೊಳೆಯ ಕಡೆ ತಿರುಗಿ. ಅವನಿಗೆ ಬೇಕಿದ್ದದ್ದು ಭರತವೋ ಇಳಿತವೋ ಎಂಬ ಸುದ್ದಿ. ದೋಣಿ ಈಗ ಕಡವಿಗೆ ತಾಗುತ್ತದೋ, ಕೆಸರಿನಲ್ಲಿ ಕೂತುಬಿಡುತ್ತದೋ ಎಂಬ ಲೆಕ್ಕ. ಒಂದೇ ಮಾತು, ಎರಡು ನೀರು. ಯಾರು ಯಾವ ನೀರನ್ನು ಕೇಳುತ್ತಿದ್ದಾರೆ ಎಂಬುದು ನನಗೆ ತಿಳಿಯುವುದಕ್ಕೆ ಎರಡು ಮೂರು ರಜೆಗಳೇ ಬೇಕಾದವು.

ನಮ್ಮ ಕುದ್ರು ಇರುವುದು ಕುಂದಾಪುರದ ಮಗ್ಗುಲಲ್ಲಿ, ಐದು ಹೊಳೆ ಕೂಡುವ ಕಡೆ. ಕೊಡಚಾದ್ರಿಯ ಸೆರಗಿನಿಂದ ಹೊರಟು ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕೆ, ಘಟ್ಟ ಇಳಿದು ಬರುವ ವಾರಾಹಿ ಮತ್ತು ಚಕ್ರಾ, ಜತೆಗೆ ಕುಬ್ಜಾ ಮತ್ತು ಖೇಟಾ. ಐದೂ ಸೇರಿ ಪಂಚಗಂಗಾವಳಿ ಎಂಬ ಹೆಸರು ಹೊತ್ತು ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಘಟ್ಟದ ಮಣ್ಣನ್ನು ಹೊತ್ತು ತರುವ ಈ ಹೊಳೆಗಳು, ಎದುರಿನಿಂದ ಕಡಲು ತಳ್ಳುವ ಜಾಗಕ್ಕೆ ಬಂದಾಗ ಕೈಸೋತು ಹೊರೆಯನ್ನು ಅಲ್ಲಲ್ಲೇ ಇಳಿಸಿಬಿಡುತ್ತವೆ. ಹಾಗೆ ಇಳಿಸಿದ ಮಣ್ಣೇ ಕುದ್ರು. ಉಪ್ಪಿನಕುದ್ರು, ಕನ್ನಡಕುದ್ರು, ಬಬ್ಬುಕುದ್ರು ಎಂದು ಊರಿನಷ್ಟೇ ಹೆಸರಾದವು ಕೆಲವು. ಹತ್ತು ಹನ್ನೆರಡು ಮನೆಗಳವು ಕೆಲವು. ತೆಂಗಿನ ಮರ ಬಿಟ್ಟರೆ ಬೇರೆ ಒಕ್ಕಲೇ ಇಲ್ಲದವೂ ಇವೆ. ನಮ್ಮದು ಹತ್ತು ಹನ್ನೆರಡು ಮನೆಗಳ ಜಾತಿಯದು. ದಕ್ಷಿಣಕ್ಕೆ ಹೋದರೆ ಉಡುಪಿಯ ಪಡುವಣದಲ್ಲಿ, ಸ್ವರ್ಣಾ ಮತ್ತು ಸೀತಾ ಹೊಳೆಗಳು ಕಡಲ ಹತ್ತಿರ ಬರುವಲ್ಲಿ, ಕೆಮ್ಮಣ್ಣಿನ ಸುತ್ತ ಇಂಥವೇ ಕುದ್ರುಗಳಿವೆ. ಅವೂ ಚಂದವೇ. ಆದರೆ ನಾನು ಈಜು ಕಲಿತದ್ದು ಇಲ್ಲಿ. ನನಗೆ ಗೊತ್ತಿರುವುದೂ ಇಲ್ಲಿಯದು.

ಬೆಂಗಳೂರಿನ ಗೆಳೆಯರು ವರ್ಷಕ್ಕೆ ಒಂದೆರಡು ಸಲ ಫೋನ್ ಮಾಡುತ್ತಾರೆ. ಹೆದ್ದಾರಿಯ ಸೇತುವೆ ಮೇಲಿಂದ ನೋಡಿದೆವು, ನೀರಿನ ನಡುವೆ ಹಸಿರು ಹಸಿರಾಗಿ ತೇಲುವ ಹಾಗೆ ಕಂಡಿತು, ಎರಡು ದಿನ ಬಿಡುವಿದೆ, ಅಲ್ಲಿಗೆ ಹೋದರೆ ಏನೇನು ಮಾಡಬಹುದು ಎಂದು ಕೇಳುತ್ತಾರೆ. ಮೂವತ್ತು ವರ್ಷಗಳಿಂದ ನಾನು ಕೊಡುತ್ತಿರುವ ಮೊದಲ ಉತ್ತರ ಒಂದೇ: ಮೊದಲು ಪಂಚಾಂಗ ನೋಡಿ.

ಕುದ್ರುವಿನಲ್ಲಿ ಗಡಿಯಾರ ಎರಡು. ಒಂದು ಗೋಡೆಯ ಮೇಲಿನದು, ಇನ್ನೊಂದು ಚಂದ್ರನದು. ಕೆಲಸ ನಡೆಯುವುದು ಎರಡನೆಯದರ ಪ್ರಕಾರ. ಹಗಲು ರಾತ್ರಿ ಸೇರಿ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಂದಿನ ಭರತ ನಾಳೆ ಎರಡು ಗಳಿಗೆ ತಡ. ಎರಡು ಗಳಿಗೆ ಎಂದರೆ ನಲವತ್ತೆಂಟು ನಿಮಿಷ. ಅಜ್ಜನಿಗೆ ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಇವತ್ತು ಯಾವ ತಿಥಿ ಎಂದು ಹೇಳಿದರೆ ಸಾಕು, ಬೆರಳು ಮಡಚುತ್ತಾ ನೀರು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಹೇಳಿಬಿಡುತ್ತಿದ್ದ. ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನದ ಆಸುಪಾಸು ಭರತ. ಆ ದಿನಗಳ ಏರಿಳಿತ ಜೋರು, ತುಂಬಿದಾಗ ಗದ್ದೆಯ ದಂಡೆಗೆ ಮುತ್ತಿಕ್ಕುತ್ತದೆ, ಇಳಿದಾಗ ಹೊಳೆಯ ಹೊಟ್ಟೆಯೇ ಕಾಣುತ್ತದೆ. ಅಷ್ಟಮಿ, ನವಮಿಗೆ ನೀರು ಸಪ್ಪೆ, ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಹುಣ್ಣಿಮೆಯಿಂದ ಹಿಂದಕ್ಕೆ ಎಣಿಸಿದರೆ ಏಕಾದಶಿಯ ಸುಮಾರಿಗೆ ಭರತ ಬೆಳಗಿನ ಒಂಬತ್ತರ ಹತ್ತಿರ ಬರುತ್ತದೆ. ಹೊರಗಿನಿಂದ ಬರುವವರಿಗೆ ನಾನು ಹೇಳುವುದು ಆ ದಿನಗಳನ್ನೇ. ಬೆಳಗ್ಗೆ ಏರುವ ನೀರಿನ ಜತೆ ಕವಲುಗಳ ಒಳಗೆ ಹೋಗಿ, ಬಿಸಿಲೇರುವ ಮೊದಲು ಇಳಿಯುವ ನೀರಿನ ಜತೆ ಹೊರಗೆ ಬರಬಹುದು. ಎಂಜಿನ್ ಬೇಡ, ಜಲ್ಲೆ ಊರುವ ಶ್ರಮವೂ ಕಡಿಮೆ. ಕಾಲ ಕೇಳಿದರೆ ಡಿಸೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ, ಆಗ ಹೊಳೆ ಹೊರಗಿನವರದ್ದಲ್ಲ.

ಈ ಲೆಕ್ಕ ನನಗೂ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಕಾಲೇಜಿನ ನಾಲ್ವರು ಗೆಳೆಯರನ್ನು ಕಟ್ಟಿಕೊಂಡು ಹೋಗಿದ್ದೆ. ಇದು ನನ್ನ ಊರು, ಇದು ನನ್ನ ಹೊಳೆ ಎಂದು ತೋರಿಸುವ ಉತ್ಸಾಹ. ಅಜ್ಜ ಮಲಗಿದ್ದ ಹೊತ್ತಿನಲ್ಲಿ ಪಾತಿ ದೋಣಿಯನ್ನು ಬಿಚ್ಚಿ, ಕುದ್ರುವಿನ ಹಿಂಬದಿಯ ಸಣ್ಣ ಕವಲಿಗೆ ಕರೆದೊಯ್ದೆ. ಅಮಾವಾಸ್ಯೆಯ ಮರುದಿನ. ನೀರು ತುಂಬಿ ನಿಂತಿತ್ತು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲದ ಗಿಡಗಳ ತಲೆಗಳಷ್ಟೇ ಕಾಣುತ್ತಿದ್ದವು. ಒಂದು ಗಂಟೆ ಕಳೆದು ತಿರುಗಿ ನೋಡಿದರೆ ನಾವು ಬಂದ ದಾರಿಯೇ ಇರಲಿಲ್ಲ. ದೋಣಿಯ ಅಡಿ ಮೆತ್ತಗೆ ಏನಕ್ಕೋ ಒರಗಿದ ಹಾಗಾಯಿತು, ಆಮೇಲೆ ಅಲುಗಲಿಲ್ಲ. ತಳ್ಳೋಣವೆಂದು ಒಬ್ಬ ಹಾರಿದ. ತೊಡೆಯವರೆಗೆ ಹೂತುಹೋದ. ಕಾಲು ಎಳೆದಾಗ ಕೆಸರಿನಡಿಯ ಚಿಪ್ಪು ಅಂಗಾಲನ್ನು ಉದ್ದಕ್ಕೂ ಸೀಳಿತ್ತು. ಅವನನ್ನು ಮೇಲೆಳೆದು, ನನ್ನ ದುಪ್ಪಟ್ಟಾ ಕಟ್ಟಿ, ಉರಿಬಿಸಿಲಿನಲ್ಲಿ ಕೂತೆವು. ಕುಡಿಯಲು ನೀರಿರಲಿಲ್ಲ. ನೂರು ಮಾರು ದೂರದಲ್ಲಿ ಮನೆಯ ಹೆಂಚು ಕಾಣುತ್ತಿತ್ತು.

ಅಜ್ಜ ದಂಡೆಯ ಮೇಲೆ ಬಂದು ನಿಂತದ್ದನ್ನು ಕಂಡೆ. ಅವನು ಕೂಗಲಿಲ್ಲ. ಕೂಗಿ ಪ್ರಯೋಜನವಿರಲಿಲ್ಲ, ನೀರು ಬರುವವರೆಗೆ ಅವನೂ ಏನೂ ಮಾಡುವ ಹಾಗಿರಲಿಲ್ಲ. ಅವನೂ ಅಲ್ಲೇ ತೆಂಗಿನ ಬುಡಕ್ಕೆ ಒರಗಿ ಕೂತ. ನಾಲ್ಕು ತಾಸು. ಕತ್ತಲಾಗುವ ಮೊದಲು ನೀರು ತಿರುಗಿತು. ನಾವು ದಡ ಮುಟ್ಟಿದಾಗ ಮೊದಲು ಗಾಯಕ್ಕೆ ಅರಶಿನ ಒತ್ತಿದ, ಆಮೇಲೆ ನನ್ನ ಕಡೆ ನೋಡಿ, "ನೀರ್ ಕೇಂಡ್ಕಂಡ್ ಹೋಪ್ದಲ್ದಾ?" ಎಂದ. ಅದಕ್ಕಿಂತ ದೊಡ್ಡ ಬೈಗುಳ ನನಗೆ ಯಾರಿಂದಲೂ ಸಿಕ್ಕಿಲ್ಲ.

ಆದರೂ ಆ ನಾಲ್ಕು ತಾಸಿನಲ್ಲಿ ನಾನು ಕಂಡಷ್ಟು ಹೊಳೆಯನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ನೀರು ಹೋದ ಕೆಸರು ಮೊದಲು ಸತ್ತಂತೆ ಕಂಡಿತು. ಸ್ವಲ್ಪ ಹೊತ್ತು ಅಲುಗದೆ ಕೂತಾಗ ಅದು ಎದ್ದಿತು. ಬಟನ್ನಿನಷ್ಟು ಸಣ್ಣ ಏಡಿಗಳು ಸಾವಿರ ತೂತುಗಳಿಂದ ಹೊರಬಂದವು. ಗಂಡಿಗೆ ಒಂದು ಕೈ ಮಾತ್ರ ದೊಡ್ಡದು, ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಯಾರನ್ನೋ ಕರೆಯುತ್ತಲೇ ಇದ್ದವು. ಕೆಸರಿನ ಮೇಲೆ ಎದೆಯೂರಿ ಜಿಗಿಯುವ ಪುಟ್ಟ ಮೀನುಗಳಿದ್ದವು. ಕಾಂಡ್ಲದ ಬೇರುಗಳು ಕೊಡೆಯ ಕಡ್ಡಿಗಳ ಹಾಗೆ ಬಾಗಿ ಕೆಸರಿಗೆ ಇಳಿದಿದ್ದವು. ಕೊಂಬೆಗಳಿಂದ ನುಗ್ಗೆಕಾಯಿಯಂಥ ಉದ್ದದ ಹಸಿರು ಕೋಡುಗಳು ನೇತಾಡುತ್ತಿದ್ದವು. ಅವು ಕಾಯಲ್ಲ, ತಾಯಿಮರದ ಮೇಲೆಯೇ ಮೊಳಕೆಯೊಡೆದ ಸಸಿಗಳು. ಇಳಿತದಲ್ಲಿ ಕಳಚಿ ಬಿದ್ದರೆ ನೆಟ್ಟಗೆ ಕೆಸರಿಗೆ ನಾಟಿಕೊಳ್ಳಬಹುದು. ಭರತದಲ್ಲಿ ಬಿದ್ದರೆ ತೇಲಿಕೊಂಡು ಇನ್ನೊಂದು ಕುದ್ರುವಿಗೆ ಹೋಗುತ್ತವೆ. ನನ್ನೆದುರಿಗೇ ಒಂದು ಬಿದ್ದು, ವಾಲಿ, ನಿಂತಿತು. ಈಗ ಯಾರಾದರೂ ಏನು ನೋಡಬೇಕು ಎಂದರೆ, ಇಳಿತದ ಹೊತ್ತಿನಲ್ಲಿ ದಡದ ಗಟ್ಟಿ ನೆಲದ ಮೇಲೆ ಅರ್ಧ ತಾಸು ಅಲುಗದೆ ಕೂತುಕೊಳ್ಳಿ ಎನ್ನುತ್ತೇನೆ. ಕುಡಿಯುವ ನೀರು ಜತೆಗಿರಲಿ. ಕಾಲಲ್ಲಿ ಚಪ್ಪಲಿ ಇರಲಿ.

ಕುಡಿಯುವ ನೀರು ಎಂದೆ. ಇದನ್ನು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ, ಹೇಳುವಾಗ ಕೆಲವರಿಗೆ ನನ್ನ ದನಿ ಗಡುಸಾಗಿ ಕೇಳುತ್ತದೆ. ಸುತ್ತಲೂ ಉಪ್ಪುನೀರಿರುವ ಇಷ್ಟಗಲ ಮಣ್ಣಿನಲ್ಲಿ ಬಾವಿ ತೋಡಿದರೆ ಸಿಹಿನೀರು ಹೇಗೆ ಬರುತ್ತದೆ? ಬರುವುದು ಮಳೆಯದು. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಕುದ್ರುವಿನ ಮರಳುಮಣ್ಣು ಅದನ್ನು ಕುಡಿದು ಒಳಗೆ ಇಟ್ಟುಕೊಳ್ಳುತ್ತದೆ. ಸಿಹಿನೀರು ಕಡಲ ನೀರಿಗಿಂತ ನಲವತ್ತರಲ್ಲಿ ಒಂದು ಪಾಲಿನಷ್ಟು ಹಗುರ. ಆ ಒಂದು ಪಾಲಿನ ಬಲದಿಂದ ಅದು ನೆಲದೊಳಗೆ ಉಪ್ಪುನೀರಿನ ಮೇಲೆ ತೇಲುತ್ತದೆ, ತುಂಬಿದ ಪಾತ್ರೆಯ ಹಾಲಿನ ಮೇಲೆ ಕೆನೆ ನಿಂತ ಹಾಗೆ. ಕೆನೆಯನ್ನು ಮೇಲಿಂದ ಮೆಲ್ಲಗೆ ತೆಗೆಯಬೇಕು. ಸೌಟು ಆಳಕ್ಕೆ ಹಾಕಿದರೆ ಹಾಲೂ ಬರುತ್ತದೆ.

ಅಮ್ಮಮ್ಮನಿಗೆ ಈ ಪಾಲಿನ ಲೆಕ್ಕ ಗೊತ್ತಿರಲಿಲ್ಲ, ಕೆನೆ ಗೊತ್ತಿತ್ತು. ಒಂದೇ ಸಮನೆ ಸೇದಬಾರದು. ನಾಲ್ಕು ಕೊಡಪಾನ ಸೇದಿದರೆ ಮಧ್ಯಾಹ್ನದವರೆಗೆ ಬಾವಿಗೆ ವಿಶ್ರಾಂತಿ. ಸ್ನಾನ ಕೆರೆಗುಂಡಿಯಲ್ಲಿ. ನೆಂಟರು ಬಂದರೆ ಮೊದಲು ಎಳನೀರು. ಬಾವಿ ಅಗಲವಿರಬೇಕು, ಆಳವಿರಬಾರದು. ಕೊನೆಯದನ್ನು ನಮ್ಮ ಮಾವ ನಂಬಲಿಲ್ಲ. ಒಂದು ಮೇ ತಿಂಗಳಿನಲ್ಲಿ ನೀರು ತಳ ಕಂಡಾಗ, ಆಳುಗಳನ್ನು ಇಳಿಸಿ ಎರಡು ಮೊಳ ಕೆಳಕ್ಕೆ ತೋಡಿಸಿದ. ನೀರು ಬಂತು, ಬೇಕಾದಷ್ಟು ಬಂತು. ಎಲ್ಲರೂ ಮಾವನನ್ನು ಹೊಗಳಿದರು. ಅಮ್ಮಮ್ಮ ಒಂದು ಗುಟುಕು ಬಾಯಿಗೆ ಹಾಕಿ, ಉಗಿದು, ಏನೂ ಹೇಳದೆ ಒಳಗೆ ಹೋದಳು. ಆ ವರ್ಷ ಮಳೆ ಬಂದ ಮೇಲೂ ಆ ಬಾವಿಯ ಉಪ್ಪು ಪೂರ್ತಿ ಬಿಡಲಿಲ್ಲ. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಕಾಫಿಗೆ ಬೇರೆಯೇ ರುಚಿ. ಕೊನೆಗೆ ಮನೆಯ ಮೂಡು ಬದಿಯಲ್ಲಿ ಇನ್ನೊಂದನ್ನು ತೋಡಿದರು, ಎದೆಮಟ್ಟದ್ದು, ಅಗಲದ್ದು, ಸುತ್ತ ಮುರಕಲ್ಲು ಕಟ್ಟಿದ್ದು. ಈಗಲೂ ಬಳಕೆಯಲ್ಲಿರುವುದು ಅದೇ. ಬೇಸಿಗೆಯ ಕೊನೆಗೆ ಅದೂ ಕೈಕೊಡುತ್ತಿತ್ತು. ಆಗ ಆಚೆ ದಡದಿಂದ ಕೊಡಪಾನಗಳನ್ನು ದೋಣಿಯಲ್ಲಿ ಸಾಲಾಗಿ ಇಟ್ಟುಕೊಂಡು ತರುವುದೇ ಹೆಂಗಸರ ಸಂಜೆಯ ಕೆಲಸ. ಸುತ್ತ ನೀರೇ ನೀರು, ನಡುವೆ ದೋಣಿಯಲ್ಲಿ ನೀರು ಸಾಗುತ್ತಿರುವುದನ್ನು ನೋಡಿದವರು ಕುದ್ರುವಿನ ಮನೆಯಲ್ಲಿ ಕೈಕಾಲು ತೊಳೆಯಲು ಎರಡನೇ ಚೆಂಬು ಕೇಳುವುದಿಲ್ಲ.

ಮಳೆ ಹಿಡಿದ ಮೇಲೆ ಎಲ್ಲ ತಿರುವುಮುರುವು. ಘಟ್ಟದ ಕೆನ್ನೀರು ಉಪ್ಪನ್ನು ಅಳಿವೆಯ ಆಚೆಗೆ ತಳ್ಳಿ, ಕುದ್ರುವಿನ ಸುತ್ತ ಹೊಳೆಯೇ ಸಿಹಿಯಾಗುತ್ತದೆ. ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆಯುವವರೆಗೆ ಕಾದು, ಆಮೇಲೆ ನೇಜಿ. ಗದ್ದೆಗಳ ಸುತ್ತ ಮಣ್ಣಿನ ದಂಡೆ, ದಂಡೆಯಲ್ಲಿ ಮರದ ಹಲಗೆಯ ಬಾಗಿಲು. ಇಳಿತದಲ್ಲಿ ಎತ್ತಿದರೆ ಒಳಗಿನ ಮಳೆನೀರು ಹೊರಗೆ ಹೋಗುತ್ತದೆ, ಭರತದಲ್ಲಿ ಇಳಿಸಿದರೆ ಹೊರಗಿನದು ಒಳಗೆ ಬರುವುದಿಲ್ಲ. ಮಧ್ಯರಾತ್ರಿ ಮಳೆಯಲ್ಲಿ ಕಂಬಳಿ ಹೊದ್ದು ಹಲಗೆ ಎತ್ತಲು ಹೋಗುವುದು ಅಜ್ಜನ ಪಾಳಿ. ಒಂದು ರಾತ್ರಿ ಮರೆತರೆ ಒಂದು ವರ್ಷದ ಅಕ್ಕಿ ಹೋಯಿತು.

ಅಜ್ಜ ಹೋದದ್ದು ಇಳಿತದಲ್ಲಿ. ನವೆಂಬರಿನ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ ಎದೆ ಹಿಡಿದುಕೊಂಡು ಎದ್ದು ಕೂತನಂತೆ. ನಾಲ್ಕು ಜನ ಅವನನ್ನು ಮಂಚದ ಸಮೇತ ಕಡವಿಗೆ ಹೊತ್ತೊಯ್ದರು. ದೋಣಿ ಕೆಸರಿನಲ್ಲಿ ಕೂತಿತ್ತು. ಕೆಸರಿನ ಮೇಲೆ ಮಂಚ ಹೊತ್ತು ನಡೆಯುವಂತಿಲ್ಲ. ಆಚೆ ದಡದಲ್ಲಿ ದೀಪ ಕಾಣುತ್ತಿತ್ತು, ಡಾಕ್ಟರಿಗೆ ಹೇಳಿಕಳಿಸಬಹುದಿತ್ತು, ಕಾರು ಸಿಗುತ್ತಿತ್ತು. ನೀರು ತಿರುಗಲು ಇನ್ನೂ ಎರಡು ತಾಸು. ಬೆರಳು ಮಡಚಿ ಲೆಕ್ಕ ಹೇಳಿದವನು ಅಜ್ಜನೇ ಎಂದು ಮಾವ ಹೇಳುತ್ತಿದ್ದ. ನೀರು ದೋಣಿಯ ಅಡಿಗೆ ಬಂದಾಗ ಅವನಿರಲಿಲ್ಲ.

ಆದ್ದರಿಂದ ಸೇತುವೆಗಳ ವಿರುದ್ಧ ನಾನು ಒಂದು ಮಾತೂ ಆಡುವುದಿಲ್ಲ. ಕುದ್ರುಗಳಿಗೆ ಒಂದೊಂದಾಗಿ ಸೇತುವೆ, ಕಾಲುಸಂಕ ಬಂದಾಗ, ದೋಣಿಯ ಕಾಲ ಹೋಯಿತಲ್ಲ ಎಂದು ದಡದಲ್ಲಿ ನಿಂತವರು ಮರುಗಿದ್ದನ್ನು ಕೇಳಿದ್ದೇನೆ. ಮಂಚ ಹೊತ್ತವರು ಮರುಗಲಿಲ್ಲ. ಸೇತುವೆಯ ಮೇಲೆ ಮೊದಲ ದಿನ ಅಮ್ಮಮ್ಮ ಬರಿಗಾಲಿನಲ್ಲಿ ನಡೆದಳು, ನಡುವೆ ನಿಂತು ಕೆಳಗೆ ಕೆಸರನ್ನು ಬಹಳ ಹೊತ್ತು ನೋಡಿದಳು. ದೋಣಿ ಬೇಕೆನ್ನುವವರಿಗೆ ಈಗಲೂ ದೋಣಿಯಿದೆ. ಒಂದೇ ಮರ ಕೊರೆದು ಗೇರೆಣ್ಣೆ ಬಳಿದ ಹಳೆಯ ಪಾತಿ ಕಡಿಮೆಯಾಗಿ ಫೈಬರಿನದು ಬಂದಿದೆ, ಅಷ್ಟೆ. ಊರಿನವರ ದೋಣಿಯನ್ನೇ ಹಿಡಿಯಿರಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಎಂಜಿನ್ ಇದ್ದರೆ ದಂಡೆಯ ಹತ್ತಿರ ಜೋರಾಗಿ ಓಡಿಸಬೇಡಿ ಎಂದು ನೀವೇ ಹೇಳಿ. ಅಲೆ ಬಡಿದು ಬಡಿದು ದಂಡೆ ಕುಸಿಯುತ್ತದೆ. ಹೊಳೆಯ ಹೊಟ್ಟೆಯಿಂದ ಮರಳು ತೆಗೆದಲ್ಲಂತೂ ಕುದ್ರುವಿನ ಅಂಚು ನಿಲ್ಲುವುದೇ ಇಲ್ಲ. ನಾನು ಚಿಕ್ಕವಳಿದ್ದಾಗ ಪಡುವಣ ಬದಿಯಲ್ಲಿ ಮನೆಗೂ ಹೊಳೆಗೂ ನಡುವೆ ತೆಂಗಿನ ಐದು ಸಾಲುಗಳಿದ್ದವು. ಈಗ ಎರಡಿವೆ.

ಎರಡು ದಿನ ಬರುವವರನ್ನು ಒಂದು ಮಧ್ಯಾಹ್ನ ಉಪ್ಪಿನಕುದ್ರುವಿಗೆ ಕಳಿಸದೆ ನಾನು ಬಿಡುವುದಿಲ್ಲ. ಅದು ಯಕ್ಷಗಾನ ಗೊಂಬೆಯಾಟದ ಊರು. ಕಾಮತ್ ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದ ಸೂತ್ರದ ಗೊಂಬೆಯಾಟವನ್ನು ಕೊಗ್ಗ ದೇವಣ್ಣ ಕಾಮತರು ದೇಶದ ಹೊರಗೂ ಒಯ್ದರು, ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದರು. ಈಗ ಅವರ ಮಗ ಭಾಸ್ಕರ ಕೊಗ್ಗ ಕಾಮತರು ಮುಂದುವರಿಸುತ್ತಿದ್ದಾರೆ, ಊರಿನಲ್ಲೇ ಗೊಂಬೆಮನೆಯಿದೆ. ನಾನು ಮೊದಲ ಸಲ ಈ ಆಟ ನೋಡಿದ್ದು ಅಜ್ಜನ ಹೆಗಲ ಮೇಲೆ, ದೋಣಿಯಲ್ಲಿ ಹೋಗಿ. ಮುಂದೆ ದೊಡ್ಡವಳಾದ ಮೇಲೆ ಒಮ್ಮೆ, ಆಟ ಮುಗಿದು ಗೊಂಬೆಗಳನ್ನು ಪೆಟ್ಟಿಗೆಗೆ ಇಡುವ ಹೊತ್ತಿನಲ್ಲಿ ಹತ್ತಿರ ನಿಂತಿದ್ದೆ. ಒಂದೂವರೆ ಅಡಿಯ ಗೊಂಬೆ, ಬಡಗುತಿಟ್ಟಿನ ವೇಷಕ್ಕೆ ಏನೇನು ಬೇಕೋ ಅಷ್ಟೂ ಅದಕ್ಕಿದೆ: ಮುಂಡಾಸು, ಎದೆಕಟ್ಟು, ಭುಜಕೀರ್ತಿ, ಕಸೆ ಸೀರೆ. ಬಣ್ಣ ಬಳಿದ ಮುಖದಲ್ಲಿ ಹುಬ್ಬು ಒಂದು ಎಳೆ ಮೇಲೇರಿತ್ತು. ದೀಪದಡಿಯಲ್ಲಿ ಅದು ಸಿಟ್ಟಾಗಿ ಕಂಡಿತ್ತು. ಈಗ ಕೈಯಳತೆಯಲ್ಲಿ ದುಃಖದ ಹಾಗೆ ಕಂಡಿತು. ದಾರಗಳನ್ನು ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ಆಡಿಸಿದವರು ಸೆರಗನ್ನು ಬೆರಳಿನಿಂದ ಸರಿಮಾಡಿದರು, ಮಗುವನ್ನು ಮಲಗಿಸುವಾಗ ಮಾಡುವ ಹಾಗೆ. ಹೊರಗೆ ಹೊಳೆ ತುಂಬಿತ್ತು. ಚೆಂಡೆ ನಿಂತ ಮೇಲೂ ನೀರಿನ ಮೇಲೆ ಅದರ ಸದ್ದು ಇನ್ನೂ ಉಳಿದಿದೆ ಅನ್ನಿಸಿತು. ಇಷ್ಟು ಸಣ್ಣ ನೆಲದಲ್ಲಿ, ವರ್ಷದ ಅರ್ಧ ಸಿಹಿನೀರಿಗೆ ಪರದಾಡುವ ನೆಲದಲ್ಲಿ, ರಾಮಾಯಣ ಮಹಾಭಾರತದ ಅಷ್ಟೂ ಜನ ಪೆಟ್ಟಿಗೆಗಳಲ್ಲಿ ಮಲಗಿದ್ದಾರೆ ಎಂಬುದು ನನಗೆ ಈಗಲೂ ಬೆರಗು.

ಉಳಿದ ಹೊತ್ತಿಗೆ ಬೇಕಾದಷ್ಟಿದೆ. ಜನವರಿಯಲ್ಲಿ ಬಂದವರು ಹೆಮ್ಮಾಡಿಯ ಸೇವಂತಿಗೆ ಗದ್ದೆ ನೋಡಬೇಕು. ಸಂಕ್ರಾಂತಿಯ ಹೊತ್ತಿಗೆ ಸರಿಯಾಗಿ ಅರಳುವ ಆ ಹಳದಿ ಹೂ ಮಾರಣಕಟ್ಟೆಯ ಜಾತ್ರೆಗೆ ಹೋಗುತ್ತದೆ. ವಾರಾಹಿಯ ದಡದ ಬಸ್ರೂರು, ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ರೇವುಪಟ್ಟಣ, 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಲೂಟಿ ಮಾಡಿದ ಊರು, ಈಗ ದೇವಸ್ಥಾನಗಳ ನಡುವೆ ಮೌನವಾಗಿದೆ. ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳು ಮೀನಿಳಿಸುವುದನ್ನು ನೋಡಬಹುದು. ಕೋಡಿಯಲ್ಲಿ ಕಡಲಿಗೆ ಚಾಚಿದ ತಡೆಗೋಡೆಯ ಮೇಲೆ ಸಂಜೆ ಜನ ಸೇರುತ್ತಾರೆ. ಅಷ್ಟು ಗದ್ದಲ ನನಗೆ ಹಿಡಿಸುವುದಿಲ್ಲ, ಆದರೂ ಇಳಿತದ ಹೊತ್ತಿಗೆ ಅಲ್ಲಿ ನಿಂತರೆ ಐದು ಹೊಳೆಗಳ ಕಂದು ನೀರು ಕಡಲ ಹಸಿರಿನೊಳಗೆ ಬೆರೆಯದೆ ಒಂದಷ್ಟು ದೂರ ಹಾಗೆಯೇ ಹೋಗುವುದು ಕಾಣುತ್ತದೆ.

ಊಟ ಮಾತ್ರ ಮನೆಯಲ್ಲಿ ಆಗಬೇಕು. ಕಾಣೆ ಮೀನು, ಹೊಳೆಯ ಸಿಗಡಿಗೆ ಹುಳಿ ಹಾಕಿದ ಸಾರು, ಕುಚ್ಚಲಕ್ಕಿ ಅನ್ನ. ಕುದ್ರುವಿನ ಮನೆಗಳಲ್ಲಿ ಈಗ ಕೆಲವರು ಹಣಕ್ಕೆ ಊಟ ಹಾಕುತ್ತಾರೆ. ಕೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ. ಆ ಅನ್ನ ಬೆಂದ ನೀರು ಎಲ್ಲಿಂದ ಬಂತು ಎಂಬುದು ಈಗ ನಿಮಗೆ ಗೊತ್ತಿದೆ.

ಕಳೆದ ಜನವರಿಯಲ್ಲಿ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಹನ್ನೊಂದು ವರ್ಷ, ಹುಟ್ಟಿದ್ದು ಬೆಳೆದದ್ದು ಬೆಂಗಳೂರಿನಲ್ಲಿ. ಸೇತುವೆಯಿದ್ದರೂ ದೋಣಿಯಲ್ಲೇ ಹೋದೆವು. ಅವಳು ಅಂಚಿನಿಂದ ಕೈ ಇಳಿಬಿಟ್ಟು, ಬೆರಳನ್ನು ಬಾಯಿಗಿಟ್ಟು ಮುಖ ಕಿವಿಚಿದಳು. ಮನೆಯಲ್ಲಿ ಈಗ ಅತ್ತೆಯೊಬ್ಬರೇ. ಬಾವಿಗೆ ಪಂಪು ಬಂದಿದೆ, ಚಿಕ್ಕದು, ಬೆಳಗ್ಗೆ ಹತ್ತು ನಿಮಿಷ ಮಾತ್ರ. ಆಚೆ ದಡದಿಂದ ಪೈಪಿನ ನೀರೂ ಬರುತ್ತದೆ, ಬಂದ ದಿನ. ರಾಟೆ ಅಲ್ಲೇ ಇದೆ. ಕುಡಿಯುವ ಕೊಡಪಾನವನ್ನು ಅತ್ತೆ ಈಗಲೂ ಕೈಯಲ್ಲೇ ಸೇದುತ್ತಾರೆ.

ಮುಂಜಾನೆ ಹುಡುಗಿ ರಾಟೆಯ ಸದ್ದಿಗೆ ಎದ್ದು ಬಂದು ಕಟ್ಟೆಯ ಹತ್ತಿರ ನಿಂತಳು. ಅತ್ತೆ ಅವಳ ಅಂಗೈಗೆ ಒಂದಿಷ್ಟು ನೀರು ಹುಯ್ದರು. "ನುಂಗ್ಬೇಡ, ನಾಲ್ಗಿ ಮೇಲೆ ನಿಲ್ಸ್ಕೋ" ಎಂದೆ. ಅವಳು ಕಣ್ಣು ಮುಚ್ಚಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ಹ್ಯಾಂಗಿತ್ತ್?" ಅತ್ತೆ ಕೇಳಿದರು.

ಅವಳು ಬಾಳೆಯ ಬುಡಕ್ಕೆ ಉಗಿದು ಸ್ವಲ್ಪ ಯೋಚಿಸಿದಳು. "ಸಿಹಿ ಇದೆ. ಕೊನೇಲಿ ಏನೋ ಒಂಚೂರು ಇದೆ" ಎಂದಳು.

ಅತ್ತೆ ತಾವೂ ಒಂದು ಗುಟುಕು ಹಾಕಿಕೊಂಡರು. ನಾನೂ ಹಾಕಿಕೊಂಡೆ. ಹುಡುಗಿ ಹೇಳಿದ್ದು ಇತ್ತು, ಕೊನೆಯಲ್ಲಿ, ನಾಲಿಗೆಯ ಬದಿಯಲ್ಲಿ. ಇಷ್ಟು ಬೇಗ ಅದು ಮೊದಲು ಬರುತ್ತಿರಲಿಲ್ಲ.

"ಶಿವರಾತ್ರಿವರಿಗ್ ಅಡ್ಡಿಲ್ಲ" ಎಂದು ಅತ್ತೆ ಕೊಡಪಾನ ಎತ್ತಿಕೊಂಡರು. ಕಡವಿನಿಂದ ದೋಣಿಯವನು ಕೂಗಿದ, ನೀರು ಇಳಿಯಲು ಸುರುವಾಯಿತು, ಹೊರಡುವವರು ಬನ್ನಿ ಎಂದು.